ಮಾಗಿಯ ಕೈತೋಟ: ಮಳೆ ಇರುವಾಗಲೇ ಶುರುವಾಗುವ ಕೆಲಸ

ಎಲೆಕೋಸು, ಹೂಕೋಸು, ಕ್ಯಾರೆಟ್, ಬಟಾಣಿ ತಂಪು ಬೇಡುವ ಬೆಳೆಗಳು. ಕರ್ನಾಟಕದ ಒಳನಾಡಿನಲ್ಲಿ ಇವುಗಳಿಗೆ ಬೇಕಾದ ಹವೆ ಸಿಗುವುದು ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಹೆಚ್ಚೆಂದರೆ ಹತ್ತು ಹನ್ನೊಂದು ವಾರ. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿಯ ಕನಿಷ್ಠ ಉಷ್ಣಾಂಶ ಸರಾಸರಿ 16 ಡಿಗ್ರಿ, ಹಗಲಿನ ಗರಿಷ್ಠ 27ರ ಆಸುಪಾಸು. ಆ ಊರಿನ ದಾಖಲೆಯಲ್ಲಿ ಇದುವರೆಗಿನ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು ಕಂಡ 7.8 ಡಿಗ್ರಿ. ಹಾಗಾಗಿ ಹಿಮ ಬಿದ್ದು ಗಿಡ ಸುಟ್ಟುಹೋಗುವ ಹೆದರಿಕೆ ಇಲ್ಲಿಲ್ಲ. ಇರುವ ಚಿಂತೆ ಒಂದೇ: ಶಿವರಾತ್ರಿಯ ಬಿಸಿಲು ಏರುವುದರೊಳಗೆ ಬೆಳೆ ಕೈಗೆ ಬರಬೇಕು.

ಎಲೆಕೋಸಿನ ಸಸಿ ಬೆಳೆಸಲು ನಾಲ್ಕು ವಾರ, ನಾಟಿಯ ನಂತರ ಗಡ್ಡೆ ಕಟ್ಟಲು ಒಂಬತ್ತು ಹತ್ತು ವಾರ ಬೇಕು. ಕ್ಯಾರೆಟ್‌ಗೆ ಬಿತ್ತಿದಂದಿನಿಂದ 90ರಿಂದ 100 ದಿನ. ಜನವರಿ ಮೊದಲ ವಾರದಲ್ಲಿ ಕಟಾವು ಆಗಬೇಕೆಂದರೆ ಎಲೆಕೋಸಿನ ಬೀಜ ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆ ಸುರಿಯುವಾಗಲೇ, ಮಣ್ಣಿಗೆ ಬೀಳಬೇಕು. ಕ್ಯಾರೆಟ್ ಬಿತ್ತನೆ ಚಿತ್ತ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವಿಗೆ ಆಗಬೇಕು. ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಸ್ವೆಟರ್ ಹೊರಗೆ ಬಂದ ಮೇಲೆ ಬೀಜದ ಅಂಗಡಿಯ ನೆನಪಾಗುತ್ತದೆ. ಡಿಸೆಂಬರಿನಲ್ಲಿ ಬಿತ್ತಿದ ಕ್ಯಾರೆಟ್ ಮಾರ್ಚಿನ ಬಿಸಿಲಲ್ಲಿ ಬಲಿತು, ಬಣ್ಣಗೆಟ್ಟು ನಾರಾಗುತ್ತದೆ. ಬೀಜ ಕೆಟ್ಟದ್ದಿತ್ತು ಎಂದು ಅಂಗಡಿಯವನನ್ನು ಬೈಯುವವರು ಎಷ್ಟೋ ಸಲ ಬೈಯಬೇಕಾದದ್ದು ಕ್ಯಾಲೆಂಡರನ್ನು.

ಈ ಲೆಕ್ಕ ಬೆಂಗಳೂರು, ತುಮಕೂರು, ಕೋಲಾರ, ಮೈಸೂರು, ಹಾಸನದ ಕಡೆಗೆ ಸರಿಹೊಂದುತ್ತದೆ. ಬೀದರ್, ಕಲಬುರಗಿ, ವಿಜಯಪುರದಲ್ಲಿ ಹಗಲು ಒಣ ಬಿಸಿಲಿದ್ದರೂ ರಾತ್ರಿ ಚಳಿ ಗಟ್ಟಿ. ಅಲ್ಲಿ ಬಟಾಣಿ, ಗಜ್ಜರಿ, ಮೆಂತೆ ಚೆನ್ನಾಗಿ ಬರುತ್ತವೆ. ಹಿಂಗಾರಿ ಹೊಲದ ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ರೊಟ್ಟಿಯ ಜೊತೆ ಹಸಿಯಾಗಿಯೇ ತಟ್ಟೆಗೆ ಬರುವ ಕಾಲ ಅದು. ಎಳ್ಳಮಾವಾಸ್ಯೆಯ ಭಜ್ಜಿಗೆ ಬೇಕಾದ ತರಕಾರಿ, ಹಸಿಕಾಳುಗಳೆಲ್ಲ ಆ ಹೊತ್ತಿಗೆ ಒಟ್ಟಿಗೆ ಒದಗುವುದೂ ಈ ಚಳಿಯಿಂದಲೇ. ಕರಾವಳಿಯ ಮಾತು ಬೇರೆ. ಮಂಗಳೂರಿನ ಡಿಸೆಂಬರ್ ರಾತ್ರಿಯೂ 21–22 ಡಿಗ್ರಿಗಿಂತ ಕೆಳಗಿಳಿಯುವುದು ಕಡಿಮೆ, ಹಗಲು 32 ದಾಟುತ್ತದೆ. ಅಲ್ಲಿ ಹೂಕೋಸಿಗೆ ಹೆಣಗುವುದಕ್ಕಿಂತ ಹರಿವೆ, ಬಸಳೆ, ಅಲಸಂದೆ, ಮುಳ್ಳುಸೌತೆ, ಬೆಂಡೆ ಬೆಳೆಯುವುದು ಜಾಣತನ. ಮಳೆಗಾಲದಲ್ಲಿ ಕೊಳೆತುಹೋಗುವ ಈ ಬಳ್ಳಿ, ಸೊಪ್ಪುಗಳಿಗೆ ಭತ್ತದ ಕೊಯ್ಲಿನ ನಂತರದ ಗದ್ದೆ ಹೇಳಿ ಮಾಡಿಸಿದ ಜಾಗ. ಉಡುಪಿಯ ಮಟ್ಟುಗುಳ್ಳವೂ ಹೀಗೆ ಭತ್ತದ ಬೆನ್ನಿಗೇ ನಾಟಿಯಾಗುವ ಬದನೆ.

ಡಿಸೆಂಬರಿನ ನೆರಳು

ಜೂನ್ ತಿಂಗಳಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ಅವನು ದಕ್ಷಿಣಕ್ಕೆ ಸರಿದು, ನಡುಮಧ್ಯಾಹ್ನದಲ್ಲೂ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ನಾಲ್ಕು ಅಡಿ ಎತ್ತರದ ದಕ್ಷಿಣ ಕಾಂಪೌಂಡ್ ಗೋಡೆ ಆಗ ಮೂರು ಅಡಿ ನೆರಳು ಚೆಲ್ಲುತ್ತದೆ. ಬೀದರಿನಲ್ಲಿ ಅದೇ ಗೋಡೆಯ ನೆರಳು ಮೂರೂವರೆ ಅಡಿ. ಇದು ನಡುಹಗಲಿನ ಮಾತು, ಬೆಳಿಗ್ಗೆ ಮತ್ತು ಸಂಜೆ ನೆರಳು ಇನ್ನೂ ಉದ್ದ. ಮಳೆಗಾಲದಲ್ಲಿ ಬಿಸಿಲು ಕಂಡ ಪಾತಿ ಡಿಸೆಂಬರಿನಲ್ಲಿ ದಿನವಿಡೀ ನೆರಳಲ್ಲಿ ಉಳಿಯುವುದು ಇದರಿಂದಲೇ. ತಾರಸಿಯಲ್ಲೂ ಅಷ್ಟೇ. ದಕ್ಷಿಣದ ಪ್ಯಾರಪೆಟ್‌ಗೆ ಒರಗಿಸಿಟ್ಟ ಕುಂಡಗಳು ಚಳಿಗಾಲದಲ್ಲಿ ಬಿಸಿಲನ್ನೇ ಕಾಣುವುದಿಲ್ಲ. ಅವನ್ನು ಉತ್ತರದ ಗೋಡೆಯ ಬಳಿಗೆ ಸರಿಸಿದರೆ ಸಾಕು.

ಹಗಲಿನ ಅವಧಿಯೂ ಆಗ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟಕ್ಕೆ ಇಳಿದಿರುತ್ತದೆ. ಗಡ್ಡೆ, ಕಾಯಿ, ಕೋಸುಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮೂರು ನಾಲ್ಕು ಗಂಟೆ ಸಿಗುವ ಜಾಗಕ್ಕೆ ಪಾಲಕ್, ಮೆಂತ್ಯ, ಕೊತ್ತಂಬರಿ ಸಾಕು. ಮಡಿಗಳನ್ನು ಗೊತ್ತುಮಾಡುವಾಗ ಚಪ್ಪರದ ಅವರೆ, ಟೊಮೆಟೊ, ಬಳ್ಳಿ ಬೀನ್ಸ್ ಉತ್ತರದ ಅಂಚಿಗೆ ಹೋಗಬೇಕು, ಇಲ್ಲವಾದರೆ ಅವುಗಳ ನೆರಳು ಹಿಂದಿನ ಸಾಲನ್ನೆಲ್ಲ ನುಂಗುತ್ತದೆ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ ಇದ್ದರೆ ನಾಲ್ಕು ಜನರ ಮನೆಗೆ ಸೊಪ್ಪು ಧಾರಾಳ, ತರಕಾರಿ ಅಷ್ಟಿಷ್ಟು. ಇಂಥ ಕಡೆ ಎಲೆಕೋಸಿಗೆ ಹೆಚ್ಚು ಜಾಗ ಕೊಡುವುದು ದುಬಾರಿ. ಒಂದು ಗಿಡ ಒಂದೂವರೆ ಅಡಿ ಚೌಕ ಹಿಡಿದು, ಎರಡೂವರೆ ತಿಂಗಳು ಕೂತು, ಕೊನೆಗೆ ಕೊಡುವುದು ಒಂದೇ ಗಡ್ಡೆ. ಅದೇ ಚೌಕದಲ್ಲಿ ಆ ಅವಧಿಗೆ ಮೂರು ಸಲ ಮೆಂತ್ಯ ಬಿತ್ತಿ ಕಿತ್ತು ಮುಗಿಸಬಹುದು. ಕೋಸಿನ ಜಾತಿಯದೇ ಏನಾದರೂ ಬೇಕೆಂದರೆ ನವಿಲುಕೋಸು ಮೇಲು: ಮುಕ್ಕಾಲು ಅಡಿ ಅಂತರ ಸಾಕು, ನಾಟಿಯಾದ 50–60 ದಿನಕ್ಕೆ ಗಡ್ಡೆ ಸಿದ್ಧ, ಎಲೆಯೂ ಪಲ್ಯಕ್ಕಾಗುತ್ತದೆ.

ಮಣ್ಣು, ಗೊಬ್ಬರ, ಸಸಿ

ಮಣ್ಣಿನ ಕೆಲಸ ಬಿತ್ತನೆಗೆ ಎರಡು ಮೂರು ವಾರ ಮೊದಲೇ ಮುಗಿದಿರಬೇಕು. ಗುದ್ದಲಿಯಿಂದ ಒಂದಡಿ ಆಳ ಅಗೆದು, ಹೆಂಟೆ ಒಡೆದು, ಕಲ್ಲು ಮತ್ತು ಗರಿಕೆ ಬೇರು ಆಯ್ದು ಹಾಕಬೇಕು. ಒದ್ದೆ ಮಣ್ಣನ್ನು ಅಗೆಯಬಾರದು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರುವ ಹದ ಬರುವವರೆಗೆ ಕಾಯಬೇಕು. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಚದರ ಮೀಟರಿಗೆ ಎರಡೂವರೆ ಕಿಲೋ ಲೆಕ್ಕದಲ್ಲಿ, ಅಂದರೆ ನೂರು ಚದರಡಿಗೆ ಹೆಚ್ಚುಕಡಿಮೆ 25 ಕಿಲೋ ಬೀಳಬೇಕು. ಜೊತೆಗೆ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಚದರ ಮೀಟರಿಗೆ ಒಂದು ಹಿಡಿ. ಹಸಿ ಸಗಣಿಗೊಬ್ಬರ ಹಾಕಿದರೆ ಗೊಣ್ಣೆಹುಳು ಬರುತ್ತದೆ, ಕ್ಯಾರೆಟ್, ಮೂಲಂಗಿ ಕವಲೊಡೆಯುತ್ತವೆ.

ಅಕ್ಟೋಬರ್, ನವೆಂಬರ್ ಮಳೆಯನ್ನು ನೆನಪಿಟ್ಟುಕೊಂಡೇ ಮಡಿ ಕಟ್ಟಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ದಕ್ಷಿಣ ಒಳನಾಡಿನಲ್ಲಿ ಎರಡು ಮೂರು ದಿನ ಜಿಟಿಜಿಟಿ ಬಿಡುವುದಿಲ್ಲ. ಅರ್ಧ ಅಡಿ ಎತ್ತರಿಸಿದ ಏರುಮಡಿಯಲ್ಲಿ ಬೇರು ಕೊಳೆಯುವುದಿಲ್ಲ. ಎರೆಮಣ್ಣಿನಲ್ಲಂತೂ ಏರುಮಡಿ ಇಲ್ಲದೆ ಗಡ್ಡೆ ತರಕಾರಿಯ ಆಸೆ ಬೇಡ. ಮಡಿಯ ಅಗಲ ನಾಲ್ಕು ಅಡಿ ಮೀರದಿದ್ದರೆ ಎರಡೂ ಕಡೆಯಿಂದ ಕೈಗೆಟಕುತ್ತದೆ, ಒಳಗೆ ಕಾಲಿಟ್ಟು ಮಣ್ಣು ತುಳಿಯುವ ಪ್ರಸಂಗ ಬರುವುದಿಲ್ಲ.

ಕುಂಡದ ತೋಟಕ್ಕೆ ಕೆಂಪುಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ ಬೆರೆಸಿದರೆ ಆಯಿತು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಬಳಸುವ ಮೊದಲು ಎರಡು ಸಲ ನೀರಲ್ಲಿ ನೆನೆಸಿ ಹಿಂಡಬೇಕು. ಸೊಪ್ಪಿಗೆ ಅರ್ಧ ಅಡಿ ಆಳದ ಟ್ರೇ ಸಾಕು. ಕ್ಯಾರೆಟ್, ಕೋಸು, ಟೊಮೆಟೊಗೆ ಒಂದಡಿಗಿಂತ ಕಡಿಮೆ ಆಳ ನಡೆಯದು.

ಕೋಸಿನ ಜಾತಿಗಳು, ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಒಟ್ಟಲು ಹಾಕಿ ನಾಟಿ ಮಾಡುವುದು ವಾಡಿಕೆ. ಈಗ ಪ್ರೋಟ್ರೇ ಅಗ್ಗಕ್ಕೇ ಸಿಗುತ್ತದೆ. ಮಳೆಯಲ್ಲಿ ಅದನ್ನು ಎತ್ತಿ ಸೂರಿನಡಿ ಇಡಬಹುದು ಎಂಬುದೇ ಸೆಪ್ಟೆಂಬರ್ ಬಿತ್ತನೆಯ ಮಟ್ಟಿಗೆ ದೊಡ್ಡ ಅನುಕೂಲ. ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಇಟ್ಟರೆ ಸಾಕು. ಸಸಿ ಒತ್ತೊತ್ತಾಗಿದ್ದು ನೀರು ಹೆಚ್ಚಾದರೆ ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತವೆ. ಒಟ್ಟಲಿನ ಮಣ್ಣಿಗೆ ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಹಾಕುವುದು, ಬೆಳಿಗ್ಗೆ ಮಾತ್ರ ನೀರು ಕೊಡುವುದು ಇದಕ್ಕೆ ಪರಿಹಾರ. ನಾಲ್ಕೈದು ಎಲೆ ಬಂದಾಗ, 25–30 ದಿನಕ್ಕೆ, ಸಂಜೆ ಹೊತ್ತು ನಾಟಿ ಮಾಡಬೇಕು. ನಲವತ್ತು ದಿನದ ಬಲಿತ ಸಸಿ ನೋಡಲು ಗಟ್ಟಿಮುಟ್ಟಾಗಿ ಕಂಡರೂ ಹೂಕೋಸಿನ ವಿಷಯದಲ್ಲಿ ಅದು ಮೋಸ: ಗಿಡ ಬೆಳೆಯದೆ ಗುಂಡಿಯಷ್ಟು ಹೂ ಕಟ್ಟಿ ನಿಲ್ಲುತ್ತದೆ.

ಬೆಳೆಗಳ ಸ್ವಭಾವ

ಚಳಿಗಾಲದ ತರಕಾರಿಗಳಲ್ಲಿ ಹೂಕೋಸಿನಷ್ಟು ಹಟಮಾರಿ ಇನ್ನೊಂದಿಲ್ಲ. ಇದರಲ್ಲಿ ಅಲ್ಪಾವಧಿ, ಮಧ್ಯಮ, ದೀರ್ಘಾವಧಿ ಎಂಬ ತಳಿಗಳಿವೆ. ಈ ಹೆಸರು ಬರೀ ದಿನಗಳ ಲೆಕ್ಕವನ್ನು ಹೇಳುವುದಿಲ್ಲ, ಹೂ ಕಟ್ಟಲು ಬೇಕಾದ ಉಷ್ಣಾಂಶವನ್ನೂ ಹೇಳುತ್ತದೆ. ಅಲ್ಪಾವಧಿ ತಳಿಗಳು 20ರಿಂದ 27 ಡಿಗ್ರಿಯಲ್ಲೇ ಹೂ ಕಟ್ಟುತ್ತವೆ. ಪೂಸಾ ಸ್ನೋಬಾಲ್‌ನಂಥ ದೀರ್ಘಾವಧಿ ತಳಿಗೆ 10ರಿಂದ 16 ಡಿಗ್ರಿ ಬೇಕು. ಸ್ನೋಬಾಲ್ ಬೀಜ ತಂದು ಬೆಂಗಳೂರಿನ ತಾರಸಿಯಲ್ಲಿ ನೆಟ್ಟರೆ ಎಲೆಯ ಮೇಲೆ ಎಲೆ ಬರುತ್ತದೆ, ಹೂವಿನ ಸುಳಿವಿರುವುದಿಲ್ಲ. ಪೊಟ್ಟಣದ ಮೇಲಿನ ಚಿತ್ರಕ್ಕಿಂತ ತಳಿಯ ಹೆಸರು ಓದುವುದು ಮುಖ್ಯ ಎನ್ನುವುದು ಇದಕ್ಕೇ. ದಕ್ಷಿಣ ಒಳನಾಡಿಗೆ ಪೂಸಾ ಮೇಘನಾ, ಪೂಸಾ ದೀಪಾಲಿಯಂಥ ಬೇಗ ಬರುವ ತಳಿಗಳೇ ಸೂಕ್ತ. ಮೊಗ್ಗು ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಸುತ್ತಲಿನ ಎಲೆಗಳನ್ನು ಮೇಲಕ್ಕೆತ್ತಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದರೆ ಹೂ ಬೆಳ್ಳಗೇ ಉಳಿಯುತ್ತದೆ, ಬಿಸಿಲು ತಾಗಿದರೆ ಹಳದಿಯಾಗುತ್ತದೆ. ಹೂವಿನ ಮೇಲೆ ಕಂದು ಕಲೆ, ದಂಟಿನ ಒಳಗೆ ಪೊಳ್ಳು ಕಂಡರೆ ಅದು ಬೋರಾನ್ ಕೊರತೆ. ನಾಟಿಗೆ ಮೊದಲು ಚದರ ಮೀಟರಿಗೆ ಒಂದು ಗ್ರಾಂ ಬೋರಾಕ್ಸ್ ಮಣ್ಣಿಗೆ ಬೆರೆಸಿದರೆ ಸಾಕು. ಹೆಚ್ಚಾದರೆ ಅದೇ ಗಿಡಕ್ಕೆ ವಿಷ.

ಗಡ್ಡೆ ತರಕಾರಿಗಳನ್ನು ಕಿತ್ತು ನೆಡುವಂತಿಲ್ಲ, ಇದ್ದಲ್ಲಿಯೇ ಬಿತ್ತಬೇಕು. ಮೂಲಂಗಿ ಇವುಗಳಲ್ಲಿ ಸುಲಭದ್ದು. 40–50 ದಿನದ ಬೆಳೆ, ತಡವಾಗಿ ತೋಟಕ್ಕೆ ಇಳಿದವರನ್ನೂ ಕೈಬಿಡುವುದಿಲ್ಲ. ಅಕ್ಟೋಬರ್ ಸೆಕೆಗೆ ಪೂಸಾ ಚೇತ್ಕಿ, ಚಳಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ಒಳ್ಳೆಯವು. ಬೀಟ್‌ರೂಟಿನ ಒಂದೊಂದು ಬೀಜವೂ ನಿಜಕ್ಕೂ ಎರಡು ಮೂರು ಬೀಜಗಳ ಗಂಟು. ರಾತ್ರಿಯಿಡೀ ನೆನೆಸಿ ಬಿತ್ತಿ, ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕಿದ್ದನ್ನು ಕಿತ್ತು ಸಾಂಬಾರಿಗೆ ಹಾಕಬೇಕು.

ಕ್ಯಾರೆಟ್ ತಾಳ್ಮೆ ಕೇಳುತ್ತದೆ. ಮೊಳೆಯಲು ಒಂದರಿಂದ ಎರಡು ವಾರ. ಅಷ್ಟೂ ದಿನ ಮೇಲ್ಮಣ್ಣು ಒಣಗಬಾರದು, ನೀರಿನ ರಭಸಕ್ಕೆ ಬೀಜ ಕೊಚ್ಚಿಹೋಗಲೂಬಾರದು. ಒದ್ದೆ ಗೋಣಿಚೀಲ ಹೊದಿಸಿ, ಮೊದಲ ಮೊಳಕೆ ಕಂಡ ದಿನವೇ ತೆಗೆದರೆ ಈ ತೊಂದರೆ ಅರ್ಧ ಕಳೆಯುತ್ತದೆ. ಸಣ್ಣ ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಗೀರಿನಲ್ಲಿ ಉದುರಿಸಬೇಕು. ಮೂರನೇ ವಾರದಲ್ಲಿ ಎರಡೆರಡು ಅಂಗುಲಕ್ಕೊಂದು ಗಿಡ ಉಳಿಯುವಂತೆ ತೆಳುಮಾಡಬೇಕು. ಎಲ್ಲರಿಗೂ ಕೈ ಹಿಂಜರಿಯುವ ಕೆಲಸ ಇದು. ಆದರೆ ಒತ್ತಾಗಿ ಬಿಟ್ಟ ಸಾಲಿನಲ್ಲಿ ಬರುವುದು ಬಾಲದಂಥ ಬೇರು. ಭುಜ ಮಣ್ಣಿನಿಂದ ಮೇಲೆದ್ದರೆ ಹಸಿರಾಗುತ್ತದೆ, ಆಗಾಗ ಮಣ್ಣು ಏರಿಸಿ ಮುಚ್ಚಬೇಕು. ಕಿತ್ತಳೆ ಬಣ್ಣ ಚೆನ್ನಾಗಿ ತುಂಬುವುದು 15–20 ಡಿಗ್ರಿಯಲ್ಲಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಗಡ್ಡೆ ದಪ್ಪವಾಗುವಂತೆ ಬಿತ್ತನೆ ಹೊಂದಿಸಿಕೊಳ್ಳಬೇಕಾದ ಕಾರಣವೂ ಅದೇ.

ಬಟಾಣಿಯನ್ನು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನೊಳಗೆ ಒಂದಂಗುಲ ಆಳಕ್ಕೆ ಊರಬೇಕು. ಸೆಕೆಯಲ್ಲಿ ಹೂ ಉದುರುತ್ತದೆ. ಮೊಳಕೆ ಒಂದು ಗೇಣು ಆಗುತ್ತಲೇ ತೊಗರಿ ಕಡ್ಡಿ ಊರಿದರೆ ಹಬ್ಬಿಕೊಳ್ಳುತ್ತದೆ. ಮೊದಲ ಕಾಯಿ ಎರಡು ತಿಂಗಳಿಗೆ. ಮನೆ ತೋಟದ ಬಟಾಣಿ ತಕ್ಕಡಿಯಲ್ಲಿ ಹೆಚ್ಚು ತೂಗುವುದಿಲ್ಲ, ಕಿತ್ತ ಗಳಿಗೆಯಲ್ಲೇ ಸುಲಿದು ತಿನ್ನುವುದಕ್ಕಾಗಿ ಬೆಳೆಯುವುದು ಅದನ್ನು. ಗಿಡ ಬೀನ್ಸ್ ಅದಕ್ಕಿಂತ ಲಾಭದ ಬೆಳೆ: ಅರ್ಕಾ ಕೋಮಲ್‌ನಂಥ ತಳಿಗೆ ಆಸರೆ ಬೇಡ, 50 ದಿನದ ಸುಮಾರಿಗೆ ಕೊಯ್ಲು ಶುರು.

ಅವರೆಯ ಲೆಕ್ಕ ತಿರುವುಮುರುವು. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡ. ರಾಗಿ ಹೊಲದ ಅಕ್ಕಡಿಯಲ್ಲಿ ಮುಂಗಾರಿನಲ್ಲೇ ಬಿತ್ತಿದರೂ ಡಿಸೆಂಬರ್ ಚಳಿಗೇ ಅದು ಸಂತೆಗೆ ಬರುವುದಕ್ಕೆ ಇದೇ ಕಾರಣ. ಚಪ್ಪರದವರೆಯ ಬಳ್ಳಿ ಜುಲೈ, ಆಗಸ್ಟಿನಲ್ಲೇ ನೆಲ ಹಿಡಿದಿದ್ದರೆ ಮಾಗಿಯಲ್ಲಿ ಚಪ್ಪರ ತುಂಬ ಗೊಂಚಲು. ತಡವಾದವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ–4 ಇದೆ. ಹಗಲಿನ ಉದ್ದಕ್ಕೆ ಕಾಯದೆ ಯಾವ ಕಾಲದಲ್ಲಾದರೂ ಹೂ ಬಿಡುವ ಗಿಡ್ಡ ತಳಿ ಅದು. ಹಳೆಯ ಸೊಗಡು ಅದಕ್ಕಿಲ್ಲ ಎಂಬ ದೂರೂ ಅದರ ಬೆನ್ನಿಗೇ ಇದೆ.

ಸೊಪ್ಪುಗಳ ವಿಷಯದಲ್ಲಿ ಒಂದೇ ಜಾಗ್ರತೆ: ಒಂದೇ ದಿನ ಎಲ್ಲವನ್ನೂ ಬಿತ್ತಬಾರದು. ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಯನ್ನು ಹತ್ತು ಹನ್ನೆರಡು ದಿನಕ್ಕೊಂದು ಪಟ್ಟಿಯಂತೆ ಬಿತ್ತುತ್ತ ಹೋದರೆ ಮನೆಗೆ ಬೇಕಾದಷ್ಟು ಬೇಕಾದಾಗ ಸಿಗುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡುವ ರೂಢಿ ಸರಿಯಾದದ್ದೇ, ಆ ಮೇಲೆ ಒಂದು ರಾತ್ರಿ ನೆನೆಸಿದರೆ ಇನ್ನೂ ಒಳ್ಳೆಯದು. ಪಾಲಕ್ ಮತ್ತು ಅರ್ಕಾ ಸುಗುಣದಂಥ ದಂಟಿನ ಸೊಪ್ಪನ್ನು ಬೇರುಸಹಿತ ಕೀಳದೆ ಎರಡಂಗುಲ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತವೆ.

ನೀರು, ಇಬ್ಬನಿ, ಹುಳು

ಬೇಸಿಗೆಯ ಅಭ್ಯಾಸದಲ್ಲೇ ದಿನಾ ಎರಡು ಹೊತ್ತು ನೀರು ಹಾಯಿಸುವುದರಿಂದ ಚಳಿಗಾಲದಲ್ಲಿ ಹಾಳಾಗುವ ಗಿಡಗಳೇ ಹೆಚ್ಚು. ಬೆರಳು ಎರಡಂಗುಲ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ನೆಲದ ಮಡಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಸಾಕಾಗುತ್ತದೆ, ಕುಂಡಕ್ಕೆ ದಿನ ಬಿಟ್ಟು ದಿನ. ಬೆಳಿಗ್ಗೆ, ಬುಡಕ್ಕೆ ಕೊಡಬೇಕು. ಸಂಜೆ ಎಲೆ ತೊಯ್ದರೆ ಅದರ ಮೇಲೆ ಇಬ್ಬನಿಯೂ ಕೂತು ಹನ್ನೆರಡು ಗಂಟೆ ಎಲೆ ಒದ್ದೆಯಾಗಿಯೇ ಇರುತ್ತದೆ, ಎಲೆಚುಕ್ಕೆ, ಅಂಗಮಾರಿ ಹರಡಲು ಅಷ್ಟು ಸಾಕು. ಎಲೆಕೋಸು ಬಲಿಯುವ ಹೊತ್ತಿಗೆ ನೀರು ಒಂದೇ ಸಮ ಇರಬೇಕು. ಒಣಗಲು ಬಿಟ್ಟು ಒಮ್ಮೆಲೇ ತೊಯ್ಯಿಸಿದರೆ ಗಡ್ಡೆ ಬಿರಿಯುತ್ತದೆ. ಒಣಗಿದ ಎಲೆ, ಹುಲ್ಲು, ತೆಂಗಿನ ಸಿಪ್ಪೆಯ ಹೊದಿಕೆ ಹಾಕಿದರೆ ನೀರೂ ಉಳಿಯುತ್ತದೆ, ಕಳೆಯೂ ಕಡಿಮೆ.

ಕೋಸಿನ ದೊಡ್ಡ ಶತ್ರು ವಜ್ರಬೆನ್ನಿನ ಪತಂಗ. ಇದರ ಹಸಿರು ಮರಿಹುಳು ಎಲೆಯನ್ನು ಜರಡಿ ಮಾಡಿಬಿಡುತ್ತದೆ. ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಇದನ್ನೇ ಹಿಡಿದು ಹೆಸರಘಟ್ಟದ ವಿಜ್ಞಾನಿಗಳು ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಬಿತ್ತುವ ಕ್ರಮ ರೂಪಿಸಿದರು, ಒಂದು ಸಾಲು ನಾಟಿಗೆ 15 ದಿನ ಮೊದಲು, ಇನ್ನೊಂದು ನಾಟಿಯಾದ 25 ದಿನಕ್ಕೆ. ಮನೆಯಂಗಳದಲ್ಲಿ ಮಡಿಯ ಅಂಚಿಗೆ ಅಡುಗೆಮನೆಯ ಸಾಸಿವೆಯನ್ನೇ ಒಂದು ಚಿಟಿಕೆ ಉದುರಿಸಿದರಾಯಿತು. ಹುಳು ಸೇರಿದ ಸಾಸಿವೆ ಗಿಡವನ್ನು ಆಗಾಗ ಕಿತ್ತು ನಾಶಮಾಡಬೇಕು, ಬಿಟ್ಟರೆ ಬಲೆಯೇ ತವರಾಗುತ್ತದೆ. ಸಸ್ಯಹೇನು ಮತ್ತು ಎಳೆಯ ಹುಳುಗಳಿಗೆ ಬೇವಿನ ಬೀಜದ ಕಷಾಯ: ಒಂದು ಲೀಟರ್ ನೀರಿಗೆ 50 ಗ್ರಾಂ ತಿರುಳಿನ ಪುಡಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕದಡಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು. ಇಷ್ಟಾದರೂ ವಾರಕ್ಕೊಮ್ಮೆ ಎಲೆ ಮಗುಚಿ ನೋಡುವುದು ಬೇಕೇಬೇಕು.

ಬಟಾಣಿ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಬೂದಿ ರೋಗ. ನೀರಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ ಸಾಕು, ಅಥವಾ ರೋಗ ತಡೆಯುವ ಅರ್ಕಾ ಅಜಿತ್ ತಳಿಯನ್ನೇ ಬಿತ್ತಿದರೆ ಈ ರಗಳೆಯೇ ಇಲ್ಲ. ಟೊಮೆಟೊ, ಬೀನ್ಸ್ ಎಲೆಗಳಲ್ಲಿ ಬಿಳಿ ಗೆರೆ ಎಳೆಯುವ ರಂಗೋಲಿ ಹುಳುವಿಗೆ ಕೆಳಗಿನ ಎಲೆಗಳನ್ನು ಚಿವುಟಿ ತೆಗೆಯುವುದೇ ಮದ್ದು. ಅಕ್ಟೋಬರ್ ಮಳೆಯಲ್ಲಿ ಎಳೆಸಸಿ ಮೇಯುವ ಬಸವನಹುಳುಗಳನ್ನು ಮಾತ್ರ ಟಾರ್ಚು ಹಿಡಿದು ರಾತ್ರಿಯೇ ಹೆಕ್ಕಬೇಕು, ಬೇರೆ ಅಡ್ಡದಾರಿ ಇಲ್ಲ.

ಕೊಯ್ಲಿನಲ್ಲಿ ತಡ ಮಾಡುವುದರಿಂದ ಲಾಭವಿಲ್ಲ. ನವಿಲುಕೋಸು ಕ್ರಿಕೆಟ್ ಚೆಂಡಿನ ಗಾತ್ರಕ್ಕೆ ಬಂದಾಗಲೇ ರುಚಿ, ಆಮೇಲೆ ನಾರು. ಮೂಲಂಗಿ ಒಂದು ವಾರ ಹೆಚ್ಚು ನಿಂತರೆ ಒಳಗೆ ಬೆಂಡಾಗುತ್ತದೆ. ಎಲೆಕೋಸನ್ನು ಒತ್ತಿದಾಗ ಗಟ್ಟಿ ಎನಿಸಿದರೆ ಕೊಯ್ಯಬೇಕು. ಸಂಕ್ರಾಂತಿಯ ನಂತರ ಮಡಿಗಳು ಒಂದೊಂದೇ ಖಾಲಿಯಾಗುತ್ತ ಬರುತ್ತವೆ. ಆ ಜಾಗಕ್ಕೆ ಮತ್ತೆ ಕೋಸಿನ ಜಾತಿಯನ್ನೇ ಹಾಕದೆ, ಎರಡು ಬುಟ್ಟಿ ಗೊಬ್ಬರ ಬೆರೆಸಿ, ಜನವರಿ ಕೊನೆಗೆ ಸೌತೆ, ಹೀರೆ, ಹಾಗಲದ ಬೀಜ ಊರಿದರೆ ಬೇಸಿಗೆಯ ಬಳ್ಳಿಗಳು ಮಾರ್ಚಿಗೆ ಚಪ್ಪರ ಏರುತ್ತವೆ.